ತೆರಿಗೆಯ ಅಧಿಕಾರದಲ್ಲಿ ತಾರತಮ್ಯ: ಸ್ಪೇನ್ ದೇಶದ ಒಂದು ಉದಾಹರಣೆ

ರಾಜ್ಯವೆಂಬುದು ಯಾವ ರೂಪದಲ್ಲಿದ್ದರೂ ಅದರ ಬಾಳು ಬೊಕ್ಕಸವನ್ನು ಅವಲಂಬಿಸಿದೆ. ಶಾಸನ ಮಾಡುವ ಹಕ್ಕು, ನ್ಯಾಯ ತೀರಿಸುವ ಹಕ್ಕು, ಶಾಲೆ ಆಸ್ಪತ್ರೆಗಳನ್ನು ನಡೆಸುವ ಹೊಣೆ ಇವೆಲ್ಲವೂ ಹಣವಿಲ್ಲದೆ ಬರಿಯ ಕಾಗದದ ಮೇಲಿನ ಮಾತುಗಳಾಗಿ ಉಳಿಯುತ್ತವೆ. ಆದುದರಿಂದ ಅಧಿಕಾರವನ್ನು ಕೇಂದ್ರಕ್ಕೂ ಪ್ರಾಂತಗಳಿಗೂ ಹಂಚಿಕೊಟ್ಟಿರುವ ದೇಶಗಳಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಇದು: ತೆರಿಗೆಯನ್ನು ವಿಧಿಸುವವರು ಯಾರು, ವಸೂಲು ಮಾಡುವವರು ಯಾರು, ಕೊನೆಗೆ ಅದನ್ನು ಖರ್ಚು ಮಾಡುವವರು ಯಾರು? ಈ ಮೂರೂ ಒಬ್ಬರೇ ಆಗಿದ್ದರೆ ಒಂದು ಬಗೆ. ಬೇರೆ ಬೇರೆಯವರಾದರೆ ಇನ್ನೊಂದು ಬಗೆ. ಒಂದೇ ದೇಶದಲ್ಲಿ ಕೆಲವು ಪ್ರಾಂತಗಳಿಗೆ ಮೊದಲನೆಯ ಬಗೆಯೂ ಉಳಿದವುಗಳಿಗೆ ಎರಡನೆಯ ಬಗೆಯೂ ಸಲ್ಲುವುದಾದರೆ ಏನಾಗುತ್ತದೆ? ಈ ಪ್ರಶ್ನೆಯನ್ನು ಸ್ಪೇನ್ ದೇಶದ ಉದಾಹರಣೆಯಿಂದ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ನಮ್ಮ ರಾಜ್ಯಶಾಸ್ತ್ರದ ಪಠ್ಯಗಳಲ್ಲಿ ಸಂಯುಕ್ತ ರಾಜ್ಯವೆಂದರೆ ಸಮಾನ ಅಧಿಕಾರವುಳ್ಳ ಘಟಕಗಳ ಕೂಟ ಎಂಬ ಭಾವನೆ ಬರುವಂತೆ ವಿವರಣೆ ಇರುತ್ತದೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳೇ ಇದಕ್ಕೆ ಮಾದರಿ. ಆದರೆ ೧೯೬೫ರಲ್ಲಿ ಚಾರ್ಲ್ಸ್ ಟಾರ್ಲ್‌ಟನ್ ಎಂಬ ವಿದ್ವಾಂಸರು ಸಂಯುಕ್ತ ವ್ಯವಸ್ಥೆಗಳಲ್ಲಿ ಸಮತೆ ಅಸಮತೆಗಳನ್ನು ಕುರಿತು ಒಂದು ಪ್ರಬಂಧ ಬರೆದ ಮೇಲೆ, ಅಸಮತೆಯೂ ಅಭ್ಯಾಸಕ್ಕೆ ಯೋಗ್ಯವಾದ ವಿಷಯವೆಂದು ಪಂಡಿತರು ಒಪ್ಪಿದ್ದಾರೆ. ಕೆನಡಾ ದೇಶದಲ್ಲಿ ಕ್ವಿಬೆಕ್ ಪ್ರಾಂತ ೧೯೫೪ರಿಂದ ತನ್ನದೇ ಆದ ಆದಾಯ ತೆರಿಗೆಯನ್ನು ತಾನೇ ವಸೂಲು ಮಾಡಿಕೊಳ್ಳುತ್ತಿದೆ. ಇತರ ಪ್ರಾಂತಗಳ ಪರವಾಗಿ ಕೇಂದ್ರ ಸರ್ಕಾರವೇ ಆ ಕೆಲಸ ಮಾಡುತ್ತದೆ. ಆದರೂ ಅಸಮತೆಯ ಅತಿ ಸ್ಫುಟವಾದ ಚಿತ್ರ ದೊರೆಯುವುದು ಸ್ಪೇನಿನಲ್ಲಿ.

ಸ್ಪೇನಿನ ಈಗಿನ ಸಂವಿಧಾನ

ಜನರಲ್ ಫ್ರಾಂಕೊ ೧೯೭೫ರಲ್ಲಿ ಮಡಿದ ಬಳಿಕ ಸ್ಪೇನ್ ಪ್ರಜಾಪ್ರಭುತ್ವಕ್ಕೆ ಮರಳಿತು. ೧೯೭೮ರಲ್ಲಿ ಜನಮತದಿಂದ ಅಂಗೀಕೃತವಾದ ಸಂವಿಧಾನವು ದೇಶದ ಅಖಂಡತೆಯನ್ನೂ ಅದರೊಳಗಿನ ಜನಾಂಗಗಳ ಮತ್ತು ಪ್ರದೇಶಗಳ ಸ್ವಾಯತ್ತತೆಯನ್ನೂ ಅವುಗಳ ಪರಸ್ಪರ ಬೆಂಬಲದ ಕರ್ತವ್ಯವನ್ನೂ ತನ್ನ ಎರಡನೆಯ ವಿಧಿಯಲ್ಲಿಯೇ ಸಾರಿತು. ಇದರ ಅನ್ವಯ ಇಂದು ಅಲ್ಲಿ ೧೭ ಸ್ವಾಯತ್ತ ಸಮುದಾಯಗಳೂ ಆಫ್ರಿಕದ ತೀರದಲ್ಲಿ ಸೆಯುತ, ಮೆಲಿಲ್ಯ ಎಂಬ ಎರಡು ಸ್ವಾಯತ್ತ ನಗರಗಳೂ ಇವೆ. ಸ್ಪೇನ್ ತನ್ನನ್ನು ಸಂಯುಕ್ತ ರಾಜ್ಯವೆಂದು ಕರೆದುಕೊಳ್ಳುವುದಿಲ್ಲ. ಆದರೆ ವ್ಯವಹಾರದಲ್ಲಿ ಅದು ಬಹುಮಟ್ಟಿಗೆ ಹಾಗೆಯೇ ನಡೆಯುತ್ತದೆ.

ತೆರಿಗೆಯ ವಿಷಯದಲ್ಲಿ ಸಂವಿಧಾನದ ೧೩೩ನೆಯ ವಿಧಿ ಸ್ಪಷ್ಟವಾಗಿದೆ. ತೆರಿಗೆ ವಿಧಿಸುವ ಮೂಲ ಅಧಿಕಾರ ಕೇಂದ್ರ ರಾಜ್ಯದ್ದು. ಸ್ವಾಯತ್ತ ಸಮುದಾಯಗಳು ಸಂವಿಧಾನಕ್ಕೂ ಕಾನೂನಿಗೂ ಒಳಪಟ್ಟು ತೆರಿಗೆ ಹಾಕಬಹುದು. ೧೩೮ನೆಯ ವಿಧಿ ಇನ್ನೂ ಮುಂದೆ ಹೋಗಿ, ಸಮುದಾಯಗಳ ಶಾಸನಗಳಲ್ಲಿ ವ್ಯತ್ಯಾಸವಿದ್ದರೂ ಆ ವ್ಯತ್ಯಾಸ ಆರ್ಥಿಕ ಅಥವಾ ಸಾಮಾಜಿಕ ವಿಶೇಷ ಸೌಲಭ್ಯವಾಗಿ ಪರಿಣಮಿಸಕೂಡದೆಂದು ವಿಧಿಸುತ್ತದೆ. ಇಷ್ಟನ್ನೇ ಓದಿದವರು ಎಲ್ಲ ಸಮುದಾಯಗಳೂ ಒಂದೇ ಮಟ್ಟದಲ್ಲಿವೆಯೆಂದು ಭಾವಿಸಿಯಾರು. ಆದರೆ ಸಂವಿಧಾನದ ಕೊನೆಯಲ್ಲಿ ಸೇರಿಸಿರುವ ಹೆಚ್ಚುವರಿ ವಿಧಿಗಳಲ್ಲಿ ಮೊದಲನೆಯದು, ಫ್ಯುಯೆರೊಗಳೆಂಬ ಹಳೆಯ ಹಕ್ಕುಗಳನ್ನುಳ್ಳ ಸೀಮೆಗಳ ಚಾರಿತ್ರಿಕ ಹಕ್ಕುಗಳನ್ನು ಸಂವಿಧಾನವು ರಕ್ಷಿಸುತ್ತದೆ, ಗೌರವಿಸುತ್ತದೆ ಎನ್ನುತ್ತದೆ. ಮುಂಬಾಗಿಲಲ್ಲಿ ಸಮತೆಯನ್ನು ಕೂರಿಸಿ ಹಿಂಬಾಗಿಲಲ್ಲಿ ಚರಿತ್ರೆಯನ್ನು ಒಳಗೆ ಬಿಟ್ಟುಕೊಂಡಂತಾಯಿತು. ಈ ವಾಕ್ಯದ ಬಲದ ಮೇಲೆಯೇ ಬಾಸ್ಕ್ ಸೀಮೆಯೂ ನವಾರ ಸೀಮೆಯೂ ಇತರ ೧೫ ಸಮುದಾಯಗಳಿಗಿಂತ ಬೇರೆಯಾದ ತೆರಿಗೆಯ ಪದ್ಧತಿಯನ್ನು ಹೊಂದಿವೆ.

ಫ್ಯುಯೆರೊಗಳ ಪೂರ್ವ ಚರಿತ್ರೆ

ಫ್ಯುಯೆರೊ ಎಂದರೆ ಒಂದು ಊರಿಗೋ ಸೀಮೆಗೋ ಸಲ್ಲುತ್ತಿದ್ದ ಕಟ್ಟುಕಟ್ಟಳೆಗಳ ಸನ್ನದು. ಸಿಂಹಾಸನವೇರಿದ ಅರಸು ಅವುಗಳನ್ನು ಕಾಯುವುದಾಗಿ ಪ್ರಮಾಣ ಮಾಡಬೇಕಿತ್ತು. ಬಾಸ್ಕ್ ಸೀಮೆಯ ಆಲವ, ಗಿಪುಸ್ಕೋವ, ಬಿಸ್ಕಾಯ ಎಂಬ ಮೂರು ಪ್ರಾಂತಗಳೂ ಒಂದು ಕಾಲಕ್ಕೆ ಸ್ವತಂತ್ರ ರಾಜ್ಯವಾಗಿದ್ದ ನವಾರವೂ ಇಂಥ ಸನ್ನದುಗಳ ಆಶ್ರಯದಲ್ಲಿ ಅರಸನ ಸೈನ್ಯಸೇವೆಯಿಂದಲೂ ಸಾಮಾನ್ಯ ತೆರಿಗೆಗಳಿಂದಲೂ ಬಹುಮಟ್ಟಿಗೆ ಹೊರತಾಗಿದ್ದವು.

೧೯ನೆಯ ಶತಮಾನದಲ್ಲಿ ಈ ಸ್ಥಿತಿ ಬದಲಾಯಿತು. ಸಿಂಹಾಸನದ ಹಕ್ಕಿಗಾಗಿ ನಡೆದ ಕಾರ್ಲಿಸ್ಟ್ ಯುದ್ಧಗಳಲ್ಲಿ ಈ ಸೀಮೆಗಳ ಹಳ್ಳಿಗಾಡಿನ ಜನ ಬಹುವಾಗಿ ಸೋತ ಪಕ್ಷದ ಕಡೆಗಿದ್ದರು. ೧೮೩೩ರಿಂದ ೧೮೩೯ರವರೆಗೆ ನಡೆದ ಮೊದಲ ಯುದ್ಧದ ಬಳಿಕ ಸಂಧಾನವಾಗಿ, ೧೮೪೧ರಲ್ಲಿ ನವಾರಕ್ಕೆ ಸಂಬಂಧಿಸಿದ ಕಾನೂನು ಬಂದಿತು. ನವಾರವು ರಾಜ್ಯವೆಂಬ ಹೆಸರನ್ನು ಕಳೆದುಕೊಂಡು ಪ್ರಾಂತವಾಯಿತು. ಆದರೆ ತನ್ನ ತೆರಿಗೆಗಳನ್ನು ತಾನೇ ನಿರ್ವಹಿಸಿ, ಗೊತ್ತುಪಡಿಸಿದ ಮೊತ್ತವನ್ನು ಮ್ಯಾಡ್ರಿಡ್ಡಿಗೆ ಸಲ್ಲಿಸುವ ಹಕ್ಕನ್ನು ಉಳಿಸಿಕೊಂಡಿತು. ಮುಂದೆ ೧೮೭೬ರಲ್ಲಿ ಕೊನೆಯ ಕಾರ್ಲಿಸ್ಟ್ ಯುದ್ಧ ಮುಗಿದಾಗ ಪ್ರಧಾನಿ ಕಾನೊವಾಸ್ ದೆಲ್ ಕಸ್ತಿಯೊ ಬಾಸ್ಕ್ ಪ್ರಾಂತಗಳ ವಿನಾಯಿತಿಗಳನ್ನು ರದ್ದುಗೊಳಿಸಿದನು. ಸೈನ್ಯಕ್ಕೆ ಜನರನ್ನೂ ಬೊಕ್ಕಸಕ್ಕೆ ಹಣವನ್ನೂ ಕೊಡಬೇಕೆಂದು ಅಪ್ಪಣೆಯಾಯಿತು. ಆದರೆ ಅಲ್ಲಿ ಕೇಂದ್ರದ ತೆರಿಗೆ ಅಧಿಕಾರಿಗಳಾಗಲಿ ಜಮೀನಿನ ಲೆಕ್ಕವಾಗಲಿ ಇರಲಿಲ್ಲ. ಆದಕಾರಣ ೧೮೭೮ರ ಫೆಬ್ರವರಿ ೨೮ರಂದು ಒಂದು ಒಪ್ಪಂದವಾಯಿತು. ಪ್ರಾಂತಗಳು ತಮ್ಮ ಪದ್ಧತಿಯಂತೆ ವಸೂಲು ಮಾಡಲಿ, ಗೊತ್ತಾದ ಮೊತ್ತವನ್ನು ಕೇಂದ್ರಕ್ಕೆ ಕಟ್ಟಲಿ ಎಂಬುದೇ ಅದರ ತಿರುಳು. ಇದೇ 'ಕೊನ್ಸಿಯೆರ್ತೊ ಇಕನಾಮಿಕೊ' ಅಥವಾ ಆರ್ಥಿಕ ಒಪ್ಪಂದ. ಅದನ್ನು ಮಾಡಿದ್ದು ಎಂಟು ವರ್ಷಗಳ ತಾತ್ಕಾಲಿಕ ಏರ್ಪಾಡಾಗಿ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಇಂದು ಯಾವುದನ್ನು ಉಳಿದ ಸ್ಪೇನಿಗರು ಬಾಸ್ಕರ ವಿಶೇಷ ಸೌಲಭ್ಯವೆಂದು ಕರೆಯುತ್ತಾರೋ ಅದು ಹುಟ್ಟಿದಾಗ ಬಾಸ್ಕರ ಕಣ್ಣಿಗೆ ಸೋಲಿನ ಗುರುತಾಗಿತ್ತು. ಹಿಂದೆ ಕೊಡಬೇಕಾಗಿರದಿದ್ದುದನ್ನು ಈಗ ಕೊಡಬೇಕಾಯಿತು. ಅಧಿಕಾರಗಳ ಚರಿತ್ರೆಯಲ್ಲಿ ಇಂಥ ತಿರುವುಗಳು ಅಪರೂಪವಲ್ಲ.

ನವಾರದವರು ತಮ್ಮ ಹಕ್ಕನ್ನು ಎಷ್ಟು ಪ್ರೀತಿಯಿಂದ ಕಾಪಾಡಿಕೊಂಡರೆಂಬುದಕ್ಕೆ ೧೮೯೩-೯೪ರ ಘಟನೆ ಸಾಕ್ಷಿ. ಹಣಕಾಸಿನ ಮಂತ್ರಿ ಗಮಾಸೊ ದೇಶದ ಸಾಮಾನ್ಯ ತೆರಿಗೆಗಳನ್ನು ಆ ಸೀಮೆಗೂ ವಿಸ್ತರಿಸಲು ಹೊರಟಾಗ ಪಾಂಪ್ಲೋನ ನಗರದಲ್ಲಿ ಜನ ಬೀದಿಗಿಳಿದರು. ಮಂತ್ರಿಯ ಪ್ರಯತ್ನ ವಿಫಲವಾಯಿತು. ಜನರ ವಂತಿಗೆಯಿಂದ ೧೯೦೩ರಲ್ಲಿ ಆ ನಗರದಲ್ಲಿ ಎದ್ದ ಫ್ಯುಯೆರೊಗಳ ಸ್ಮಾರಕ ಇಂದೂ ನಿಂತಿದೆ.

ಅಂತರ್ಯುದ್ಧದ ಕಾಲದಲ್ಲಿ ಈ ಹಕ್ಕು ರಾಜಕೀಯದ ದಂಡವೂ ಬಹುಮಾನವೂ ಆಯಿತು. ತನ್ನ ದಂಗೆಗೆ ಎದುರಾಗಿ ನಿಂತ ಬಿಸ್ಕಾಯ ಮತ್ತು ಗಿಪುಸ್ಕೋವ ಪ್ರಾಂತಗಳ ಒಪ್ಪಂದವನ್ನು ಫ್ರಾಂಕೊ ೧೯೩೭ರ ಜೂನಿನಲ್ಲಿ ಕಿತ್ತುಹಾಕಿದನು. ತನ್ನ ಪಕ್ಷದಲ್ಲಿದ್ದ ಆಲವಕ್ಕೂ ನವಾರಕ್ಕೂ ಅದನ್ನು ಉಳಿಸಿದನು. ಹೀಗಿದ್ದುದರಿಂದ ೧೯೭೮ರ ತರುವಾಯ ಒಪ್ಪಂದವನ್ನು ಪುನಃ ಸ್ಥಾಪಿಸುವುದೆಂದರೆ ಬಾಸ್ಕರಿಗೆ ಅದು ಕೇವಲ ಹಣದ ಮಾತಾಗಿರಲಿಲ್ಲ. ಸರ್ವಾಧಿಕಾರಿಯು ಮಾಡಿದ ಅನ್ಯಾಯವನ್ನು ಸರಿಪಡಿಸುವ ಮಾತಾಗಿತ್ತು. ೧೯೭೯ರ ಗೆರ್ನಿಕ ಶಾಸನದಲ್ಲಿ ಇದಕ್ಕೆ ಸ್ಥಾನ ದೊರೆತು, ೧೯೮೧ರ ಮೇ ತಿಂಗಳಲ್ಲಿ ಹೊಸ ಕೊನ್ಸಿಯೆರ್ತೊ ಕಾನೂನಾಯಿತು. ೨೦೦೨ರಲ್ಲಿ ಅದನ್ನು ಕಾಲಮಿತಿಯಿಲ್ಲದಂತೆ ಮಾಡಲಾಯಿತು. ನವಾರಕ್ಕೆ ೧೯೮೨ರ ಶಾಸನವೂ ೧೯೯೦ರ ಒಪ್ಪಂದದ ಕಾನೂನೂ ಆಧಾರ. ಎಂಟು ವರ್ಷಕ್ಕೆಂದು ಹುಟ್ಟಿದ್ದು ಈಗ ಶಾಶ್ವತವಾಗಿದೆ.

ಒಪ್ಪಂದ ನಡೆಯುವ ಬಗೆ

ಬಾಸ್ಕ್ ಸೀಮೆಯ ಜನಸಂಖ್ಯೆ ಸುಮಾರು ೨೨ ಲಕ್ಷ. ನವಾರದ್ದು ಏಳು ಲಕ್ಷಕ್ಕೆ ಸ್ವಲ್ಪ ಕಡಿಮೆ. ಎರಡೂ ಸೇರಿ ಸ್ಪೇನಿನ ಜನರಲ್ಲಿ ನೂರಕ್ಕೆ ಆರರಷ್ಟು. ಇಲ್ಲಿಯ ನಿವಾಸಿ ತನ್ನ ಆದಾಯ ತೆರಿಗೆಯನ್ನು ಮ್ಯಾಡ್ರಿಡ್ಡಿನ ಇಲಾಖೆಗೆ ಕಟ್ಟುವುದಿಲ್ಲ. ಬಾಸ್ಕ್ ಸೀಮೆಯಲ್ಲಾದರೆ ಅವನು ಕಟ್ಟುವುದು ತನ್ನ ಪ್ರಾಂತದ ಆಡಳಿತ ಮಂಡಲಿಗೆ. ಕಂಪನಿಗಳ ತೆರಿಗೆ, ಆಸ್ತಿ ತೆರಿಗೆ, ವಾರಸಿಕೆಯ ತೆರಿಗೆ, ಮೌಲ್ಯವರ್ಧಿತ ತೆರಿಗೆ, ಮದ್ಯ ತಂಬಾಕು ಇಂಧನಗಳ ಮೇಲಿನ ಸುಂಕ ಎಲ್ಲವೂ ಅಲ್ಲಿಗೇ ಸಲ್ಲುತ್ತವೆ. ಆಮದು ಸುಂಕ ಮಾತ್ರ ಹೊರತು. ತೆರಿಗೆಯ ಅಧಿಕಾರವುಳ್ಳದ್ದು ಬಾಸ್ಕ್ ಸೀಮೆಯ ಪಾರ್ಲಿಮೆಂಟಲ್ಲ, ಅದರ ಒಳಗಿನ ಮೂರು ಪ್ರಾಂತಗಳು ಎಂಬುದು ಗಮನಾರ್ಹ. ಪ್ರಾಂತಗಳು ವಸೂಲು ಮಾಡಿ, ೧೯೮೩ರ ಒಂದು ಕಾನೂನಿನ ಪ್ರಕಾರ ಅದರ ಹೆಚ್ಚಿನ ಭಾಗವನ್ನು ಬಾಸ್ಕ್ ಸರ್ಕಾರಕ್ಕೆ ಒಪ್ಪಿಸುತ್ತವೆ.

ಆದಾಯ ತೆರಿಗೆ ಮತ್ತು ಕಂಪನಿ ತೆರಿಗೆಗಳ ದರವನ್ನು ಇವರು ತಾವೇ ಗೊತ್ತುಪಡಿಸಬಹುದು. ಕಂಪನಿ ತೆರಿಗೆಯ ಸಾಮಾನ್ಯ ದರ ದೇಶದಲ್ಲಿ ೨೦೧೬ರಿಂದ ಶೇಕಡಾ ೨೫ ಆಗಿದ್ದರೆ, ಬಾಸ್ಕ್ ಪ್ರಾಂತಗಳು ೨೦೧೯ರಿಂದ ಅದನ್ನು ಶೇಕಡಾ ೨೪ಕ್ಕೆ ಇಳಿಸಿದವು. ಮೌಲ್ಯವರ್ಧಿತ ತೆರಿಗೆಯ ನಿಯಮಗಳು ಯುರೋಪಿನ ಒಕ್ಕೂಟಕ್ಕೆ ಅನುಗುಣವಾಗಿರಬೇಕಾದ್ದರಿಂದ ಅದರಲ್ಲಿ ವಸೂಲಿಯ ಅಧಿಕಾರವಿದೆಯೇ ಹೊರತು ದರದ ಅಧಿಕಾರವಿಲ್ಲ. ಒಟ್ಟು ತೆರಿಗೆಯ ಭಾರ ಉಳಿದ ದೇಶದ ಭಾರಕ್ಕೆ ಸಮಾನವಾಗಿರಬೇಕೆಂಬ ನಿಬಂಧನೆಯೂ ಒಪ್ಪಂದದಲ್ಲಿ ಇದೆ.

ಎಲ್ಲವನ್ನೂ ತಾವೇ ಇಟ್ಟುಕೊಂಡರೆ ಕೇಂದ್ರ ನಡೆಯುವ ಬಗೆ ಹೇಗೆ? ಇದಕ್ಕಾಗಿ ಬಾಸ್ಕರು ವರ್ಷಕ್ಕೊಂದು ಮೊತ್ತವನ್ನು ಕೇಂದ್ರಕ್ಕೆ ಸಲ್ಲಿಸುತ್ತಾರೆ. ಇದರ ಹೆಸರು 'ಕುಪೊ'. ನಮ್ಮ 'ಕಪ್ಪ' ಎಂಬ ಶಬ್ದವನ್ನು ಇದು ನೆನಪಿಗೆ ತಂದರೂ ಅವೆರಡಕ್ಕೂ ಸಂಬಂಧವಿಲ್ಲ. ಕಪ್ಪವು ಗೆದ್ದವನು ಸೋತವನಿಂದ ಪಡೆಯುವುದು. ಕುಪೊ ಎರಡು ಪಕ್ಷಗಳು ಕುಳಿತು ಲೆಕ್ಕ ಹಾಕಿ ಒಪ್ಪಿಕೊಳ್ಳುವುದು.

ಆ ಲೆಕ್ಕ ಹೀಗಿದೆ. ಶಾಲೆ, ಆಸ್ಪತ್ರೆ, ಪೊಲೀಸು ಮೊದಲಾದವನ್ನು ಬಾಸ್ಕ್ ಸರ್ಕಾರ ತಾನೇ ನೋಡಿಕೊಳ್ಳುತ್ತದೆ. ಅದು ವಹಿಸಿಕೊಳ್ಳದೆ ಕೇಂದ್ರಕ್ಕೇ ಬಿಟ್ಟ ಕೆಲಸಗಳಿವೆ: ಸೈನ್ಯ, ವಿದೇಶಾಂಗ, ಅರಮನೆ, ದೊಡ್ಡ ಬಂದರು ವಿಮಾನ ನಿಲ್ದಾಣಗಳು, ರಾಷ್ಟ್ರದ ಸಾಲದ ಬಡ್ಡಿ ಇತ್ಯಾದಿ. ಇವುಗಳ ಒಟ್ಟು ವೆಚ್ಚದಲ್ಲಿ ಶೇಕಡಾ ೬.೨೪ ಭಾಗ ಬಾಸ್ಕರದು. ಇದೇ ಬಗೆಯಲ್ಲಿ ಶೇಕಡಾ ೧.೬೦ ಭಾಗ ನವಾರದವರದು. ಕೇಂದ್ರವು ಇಂಥ ಕೆಲಸಗಳಿಗೆ ನೂರು ರೂಪಾಯಿ ಖರ್ಚು ಮಾಡಿತೆಂದು ಇಟ್ಟುಕೊಂಡರೆ ಬಾಸ್ಕರ ಪಾಲು ಆರು ರೂಪಾಯಿ ಇಪ್ಪತ್ತನಾಲ್ಕು ಪೈಸೆ. ಇದರಿಂದ ಕೆಲವು ಬಾಬುಗಳನ್ನು ಕಳೆದು, ಮೌಲ್ಯವರ್ಧಿತ ತೆರಿಗೆಯ ಹೊಂದಾಣಿಕೆಯನ್ನೂ ಮಾಡಿ, ಕೊಡಬೇಕಾದ ಹಣ ನಿರ್ಣಯವಾಗುತ್ತದೆ. ಲೆಕ್ಕದ ವಿಧಾನವನ್ನು ಐದು ವರ್ಷಕ್ಕೊಮ್ಮೆ ಕಾನೂನಿನಿಂದ ನಿಗದಿ ಮಾಡುತ್ತಾರೆ. ಉಭಯ ಪಕ್ಷಗಳ ಪ್ರತಿನಿಧಿಗಳು ಸಮಸಂಖ್ಯೆಯಲ್ಲಿರುವ ಸಮಿತಿಯಲ್ಲಿ ಒಪ್ಪಿಗೆಯಾದುದು ಒಂದೇ ಕಲಮಿನ ಮಸೂದೆಯಾಗಿ ಪಾರ್ಲಿಮೆಂಟಿಗೆ ಬರುತ್ತದೆ. ಪಾರ್ಲಿಮೆಂಟು ಅದನ್ನು ಒಪ್ಪಬಹುದು ಅಥವಾ ತಳ್ಳಿಹಾಕಬಹುದು. ಒಳಗೆ ಕೈಹಾಕಿ ತಿದ್ದುವಂತಿಲ್ಲ.

ಉಳಿದ ಹದಿನೈದು ಸಮುದಾಯಗಳು

ಇತರ ಸಮುದಾಯಗಳಿಗೆ ೧೯೮೦ರ ಮೂಲ ಕಾನೂನೊಂದು ಅನ್ವಯಿಸುತ್ತದೆ. ಅಲ್ಲಿ ಮುಖ್ಯ ತೆರಿಗೆಗಳನ್ನು ಕೇಂದ್ರವು ವಸೂಲು ಮಾಡಿ ಗೊತ್ತಾದ ಅಂಶವನ್ನು ಸಮುದಾಯಗಳಿಗೆ ಬಿಟ್ಟುಕೊಡುತ್ತದೆ. ಈ ಅಂಶ ಕ್ರಮೇಣ ಹೆಚ್ಚುತ್ತ ಬಂದಿದೆ. ೨೦೦೯ರ ಸುಧಾರಣೆಯಿಂದ ಆದಾಯ ತೆರಿಗೆಯಲ್ಲಿ ಶೇಕಡಾ ೫೦, ಮೌಲ್ಯವರ್ಧಿತ ತೆರಿಗೆಯಲ್ಲಿ ಶೇಕಡಾ ೫೦, ಮದ್ಯ ತಂಬಾಕು ಇಂಧನಗಳ ಸುಂಕದಲ್ಲಿ ಶೇಕಡಾ ೫೮ ಇವರಿಗೆ ಸಲ್ಲುವಂತಾಯಿತು. ಆದರೆ ಸಮುದಾಯದ ತೆರಿಗೆಯ ಶಕ್ತಿಯಲ್ಲಿ ಮುಕ್ಕಾಲು ಪಾಲು ಒಂದು ಸಾಮಾನ್ಯ ನಿಧಿಗೆ ಸೇರುತ್ತದೆ. ಶಿಕ್ಷಣ, ಆರೋಗ್ಯ, ಸಮಾಜಸೇವೆ ಈ ಮೂರೂ ದೇಶದಲ್ಲೆಲ್ಲ ಸಮಮಟ್ಟದಲ್ಲಿರಲೆಂದು ಆ ನಿಧಿಯಿಂದ ಜನಸಂಖ್ಯೆ, ಮಕ್ಕಳು ಮತ್ತು ವೃದ್ಧರ ಸಂಖ್ಯೆ, ವಿಸ್ತೀರ್ಣ ಮುಂತಾದ ಅಳತೆಗಳ ಪ್ರಕಾರ ಹಣ ಹಂಚಲಾಗುತ್ತದೆ. ಹೀಗೆ ಕತಲೂನ್ಯ, ಮ್ಯಾಡ್ರಿಡ್ ಮುಂತಾದ ಸಿರಿವಂತ ಸಮುದಾಯಗಳ ಹಣ ಎಕ್ಸ್ತ್ರೆಮದೂರ, ಆಂದಲೂಸಿಯಗಳಂಥ ಬಡ ಸಮುದಾಯಗಳ ಶಾಲೆ ಆಸ್ಪತ್ರೆಗಳಿಗೆ ಹರಿಯುತ್ತದೆ.

ಬಾಸ್ಕ್ ಮತ್ತು ನವಾರ ಸೀಮೆಗಳು ಸಿರಿವಂತ ಸೀಮೆಗಳೇ. ಆದರೆ ಅವು ಈ ಸಾಮಾನ್ಯ ನಿಧಿಯ ಹೊರಗಿವೆ. ಹಿಂದುಳಿದ ಪ್ರದೇಶಗಳ ಬಂಡವಾಳದ ಕೆಲಸಗಳಿಗಾಗಿ ಇರುವ ಸಣ್ಣ ಪರಿಹಾರ ನಿಧಿಗೆ ಕುಪೊ ಲೆಕ್ಕದಲ್ಲಿ ತಮ್ಮ ಅಂಶ ಕೊಡುತ್ತವೆ. ದೊಡ್ಡ ನಿಧಿಗೆ ಕೊಡುವುದಿಲ್ಲ. ವೃದ್ಧರ ನಿವೃತ್ತಿ ವೇತನವೊಂದು ಮಾತ್ರ ಇಡೀ ದೇಶಕ್ಕೆ ಒಂದೇ ಬೊಕ್ಕಸದಿಂದ ನಡೆಯುತ್ತದೆ. ಇದರ ಫಲವಾಗಿ ತಲಾ ಲೆಕ್ಕದಲ್ಲಿ ಈ ಎರಡು ಸೀಮೆಗಳ ಸರ್ಕಾರಗಳ ಕೈಯಲ್ಲಿ ಇತರ ಸಮುದಾಯಗಳ ಸರಾಸರಿಗಿಂತ ಬಹಳ ಹೆಚ್ಚಿನ ಹಣ ಉಳಿಯುತ್ತದೆ.

ಪರವಾದ ವಾದಗಳು

ಈ ಪದ್ಧತಿಯನ್ನು ಸಮರ್ಥಿಸುವವರು ಮೂರು ಕಾರಣಗಳನ್ನು ಕೊಡುತ್ತಾರೆ. ಮೊದಲನೆಯದು ಚರಿತ್ರೆ. ಈ ಸೀಮೆಗಳು ಕೂಡಿಕೊಂಡದ್ದೇ ತಮ್ಮ ಕಟ್ಟಳೆಗಳು ಉಳಿಯುವುವೆಂಬ ನಂಬಿಕೆಯ ಮೇಲೆ; ಆ ಮಾತನ್ನು ಮುರಿದರೆ ಒಕ್ಕೂಟದ ಬುಡವೇ ಅಲುಗುತ್ತದೆ ಎಂಬುದು ಅವರ ವಾದ.

ಎರಡನೆಯದು ಜವಾಬ್ದಾರಿ. ಖರ್ಚು ಮಾಡುವ ಕೈಯೇ ತೆರಿಗೆಯನ್ನೂ ಕೇಳಬೇಕಾದರೆ ಆ ಕೈ ಬಿಗಿಯಾಗಿರುತ್ತದೆ. ಕೇಂದ್ರದಿಂದ ಬರುವ ಹಣವನ್ನು ಖರ್ಚು ಮಾಡುವ ಸರ್ಕಾರ, ಸಾಲದಿದ್ದರೆ ಕೇಂದ್ರವನ್ನು ದೂರುತ್ತದೆ. ತಾನೇ ವಸೂಲು ಮಾಡುವ ಸರ್ಕಾರ ಮತದಾರನಿಗೆ ಉತ್ತರ ಕೊಡಬೇಕಾಗುತ್ತದೆ.

ಮೂರನೆಯದು ಅಪಾಯದ ಹೊಣೆ. ವಸೂಲಿ ಕುಗ್ಗಿದರೂ ಕುಪೊ ಕೊಡಲೇಬೇಕು. ಇದು ಬರಿಯ ಮಾತಲ್ಲ. ೧೯೮೧ರಲ್ಲಿ ಒಪ್ಪಂದವಾದಾಗ ಬಾಸ್ಕ್ ಸೀಮೆಯ ಉಕ್ಕು ಮತ್ತು ಹಡಗು ಕೈಗಾರಿಕೆಗಳು ಕುಸಿಯುತ್ತಿದ್ದವು. ಬಿಲ್ಬಾವೊ ನಗರದ ಎಯುಸ್ಕಲ್ದೂನ ಹಡಗುಕಟ್ಟೆ ೧೯೮೮ರಲ್ಲಿ ಮುಚ್ಚಿತು. ಅಲ್ಲಿಯ ದೊಡ್ಡ ಉಕ್ಕಿನ ಕುಲುಮೆಗಳು ೧೯೯೬ರಲ್ಲಿ ಆರಿದವು. ಅಂಥ ಕಾಲದಲ್ಲಿ ತಮ್ಮ ತೆರಿಗೆಯನ್ನೇ ನೆಚ್ಚಿಕೊಂಡು, ೧೯೯೫ರಲ್ಲಿ ಮೆಟ್ರೋ ರೈಲನ್ನೂ ೧೯೯೭ರಲ್ಲಿ ಗುಗೆನ್‌ಹೈಮ್ ಕಲಾಶಾಲೆಯನ್ನೂ ತೆರೆದು ಆ ನಗರವನ್ನು ಮತ್ತೆ ಎತ್ತಿ ನಿಲ್ಲಿಸಿದರು. ಸ್ವಂತ ಬೊಕ್ಕಸವಿಲ್ಲದಿದ್ದರೆ ಇದು ಇಷ್ಟು ಬೇಗ ಸಾಧ್ಯವಾಗುತ್ತಿರಲಿಲ್ಲವೆಂದು ಹೇಳುವವರ ಮಾತನ್ನು ತಳ್ಳಿಹಾಕುವಂತಿಲ್ಲ.

ವಿರೋಧದ ವಾದಗಳು

ವಿರೋಧಿಗಳ ಮೊದಲ ಆಕ್ಷೇಪ ಲೆಕ್ಕದ ಮೇಲೆ. ಶೇಕಡಾ ೬.೨೪ ಎಂಬ ಅಂಶ ೧೯೮೧ರಿಂದ ಬದಲಾಗಿಯೇ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಬಾಸ್ಕರು ವಹಿಸಿಕೊಳ್ಳದ ಕೆಲಸಗಳ ವೆಚ್ಚವನ್ನು ಕಡಿಮೆಯಾಗಿ ಅಂದಾಜು ಮಾಡಲಾಗುತ್ತಿದೆ, ಮೌಲ್ಯವರ್ಧಿತ ತೆರಿಗೆಯ ಹೊಂದಾಣಿಕೆ ಅವರಿಗೆ ಅನುಕೂಲವಾಗಿದೆ ಎಂದು ಆಂಖೆಲ್ ದೆ ಲಾ ಫುಯೆಂತೆ ಮೊದಲಾದ ಅರ್ಥಶಾಸ್ತ್ರಜ್ಞರು ತೋರಿಸಿದ್ದಾರೆ. ಲೆಕ್ಕವು ರಾಜಕೀಯ ಸಂಧಾನದ ವಿಷಯವಾಗಿದೆ ಎಂಬುದಕ್ಕೆ ೨೦೧೭ ನಿದರ್ಶನ: ಬಹುಮತವಿಲ್ಲದ ರಹೋಯ್ ಸರ್ಕಾರಕ್ಕೆ ಆಯವ್ಯಯ ಪತ್ರ ಅಂಗೀಕಾರವಾಗಲು ಬಾಸ್ಕ್ ರಾಷ್ಟ್ರೀಯ ಪಕ್ಷದ ಮತಗಳು ಬೇಕಾಗಿದ್ದವು, ಅದೇ ವರ್ಷ ಕುಪೊ ಲೆಕ್ಕದ ಹೊಸ ಕಾನೂನೂ ಬಂದಿತು.

ಎರಡನೆಯ ಆಕ್ಷೇಪ ನೆರೆಹೊರೆಯದು. ಬಾಸ್ಕ್ ಸೀಮೆಯ ಗಡಿಗೆ ಹತ್ತಿದ ಲಾ ರಿಯೋಹ ಎಂಬ ಸಣ್ಣ ಸಮುದಾಯ, ಪಕ್ಕದಲ್ಲಿ ಕಂಪನಿ ತೆರಿಗೆ ಕಡಿಮೆಯಿರುವುದರಿಂದ ಕಾರ್ಖಾನೆಗಳು ಗಡಿ ದಾಟಿ ಹೋಗುತ್ತವೆಂದು ಮೊರೆಯಿಟ್ಟಿತು. ೧೯೯೦ರ ದಶಕದಲ್ಲಿ ಬಾಸ್ಕ್ ಪ್ರಾಂತಗಳು ಹೊಸ ಕಂಪನಿಗಳಿಗೆ ಕೊಟ್ಟ ಭಾರಿ ರಿಯಾಯಿತಿಗಳನ್ನು ಯುರೋಪಿನ ಆಯೋಗವು ೨೦೦೧ರಲ್ಲಿ ಅಕ್ರಮ ಸಹಾಯವೆಂದು ತೀರ್ಮಾನಿಸಿತು. ಯುರೋಪಿನ ನ್ಯಾಯಾಲಯವು ೨೦೧೧ರಲ್ಲಿ ಅದನ್ನು ಎತ್ತಿಹಿಡಿಯಿತು. ಆದರೆ ದರವೇ ಬೇರೆಯಾಗಿರುವುದು ತಪ್ಪೆಂದು ಆ ನ್ಯಾಯಾಲಯ ಹೇಳಲಿಲ್ಲ. ಪೋರ್ಚುಗಲ್ಲಿನ ಅಸೋರ್ಸ್ ದ್ವೀಪಗಳ ವಿಚಾರದಲ್ಲಿ ೨೦೦೬ರಲ್ಲಿಯೂ ಬಾಸ್ಕರ ವಿಚಾರದಲ್ಲಿ ೨೦೦೮ರಲ್ಲಿಯೂ ಅದು ಒಂದು ಒರೆಗಲ್ಲನ್ನು ಕೊಟ್ಟಿತು. ಪ್ರಾದೇಶಿಕ ಸರ್ಕಾರಕ್ಕೆ ಸ್ವಂತ ರಾಜಕೀಯ ಸ್ಥಾನವಿರಬೇಕು. ಕೇಂದ್ರವು ಕೈಹಾಕದೆ ನಿರ್ಣಯ ಮಾಡುವಂತಿರಬೇಕು. ತೆರಿಗೆ ಇಳಿಸಿದ ನಷ್ಟವನ್ನು ಕೇಂದ್ರವು ತುಂಬಿಕೊಡದೆ ತಾನೇ ಭರಿಸುವಂತಿರಬೇಕು. ಈ ಮೂರೂ ಇದ್ದರೆ ಕಡಿಮೆ ದರವು ಕೇಂದ್ರ ಕೊಟ್ಟ ರಿಯಾಯಿತಿಯಾಗುವುದಿಲ್ಲ. ಅಧಿಕಾರ ಬೇಕೆನ್ನುವವನು ನಷ್ಟವನ್ನೂ ಹೊರಬೇಕೆಂಬ ಈ ಸೂತ್ರ ನನಗೆ ಬಹಳ ಯುಕ್ತವಾಗಿ ಕಾಣುತ್ತದೆ.

ಮೂರನೆಯದು, ಎಲ್ಲಕ್ಕಿಂತ ದೊಡ್ಡ ಆಕ್ಷೇಪ. ಇಬ್ಬರಿಗೆ ಕೊಟ್ಟದ್ದನ್ನು ಮೂರನೆಯವನು ಕೇಳಿದರೆ ಏನು ಉತ್ತರ? ೨೦೧೨ರ ಸೆಪ್ಟೆಂಬರಿನಲ್ಲಿ ಕತಲೂನ್ಯದ ಮುಖ್ಯಸ್ಥ ಅರ್ತುರ್ ಮಾಸ್ ತಮಗೂ ಅಂಥ ಒಪ್ಪಂದ ಬೇಕೆಂದು ಪ್ರಧಾನಿಯನ್ನು ಕೇಳಿದರು, ಪ್ರಧಾನಿ ನಿರಾಕರಿಸಿದರು. ಅಲ್ಲಿಂದ ಮುಂದೆ ಪ್ರತ್ಯೇಕತೆಯ ಚಳವಳಿ ಬಲವಾಗಿ ಬೆಳೆದು, ೨೦೧೭ರ ಅಕ್ಟೋಬರ್ ೧ರ ಜನಮತದ ಘಟನೆಗಳವರೆಗೆ ಹೋಯಿತು. ೨೦೨೪ರಲ್ಲಿ ಸಾಲ್ವದೋರ್ ಇಯ್ಯ ಕತಲೂನ್ಯದ ಮುಖ್ಯಸ್ಥರಾಗುವಾಗ ಆ ಸಮುದಾಯಕ್ಕೆ ವಿಶಿಷ್ಟವಾದ ಹಣಕಾಸಿನ ಏರ್ಪಾಡನ್ನು ಮಾಡುವ ಬಗ್ಗೆ ಪಕ್ಷಗಳ ನಡುವೆ ಒಪ್ಪಂದವಾಯಿತು. ಇತರ ಸಮುದಾಯಗಳು ಕೂಡಲೆ ಪ್ರತಿಭಟಿಸಿದವು. ಅವರ ಭಯಕ್ಕೆ ಕಾರಣವಿದೆ. ಬಾಸ್ಕ್ ನವಾರಗಳು ಸೇರಿ ನೂರಕ್ಕೆ ಆರು ಜನ. ಅವರು ಹೊರಗಿದ್ದರೂ ಮನೆ ನಡೆದೀತು. ಕತಲೂನ್ಯ ಒಂದೇ ದೇಶದ ಉತ್ಪನ್ನದಲ್ಲಿ ಸುಮಾರು ಐದನೆಯ ಒಂದು ಭಾಗ; ಮ್ಯಾಡ್ರಿಡ್ಡೂ ಹೆಚ್ಚುಕಡಿಮೆ ಅಷ್ಟೇ. ಇವೆರಡೂ ಹೊರಬಂದರೆ ಸಾಮಾನ್ಯ ನಿಧಿಗೆ ಕೊಡುವವರೇ ಉಳಿಯುವುದಿಲ್ಲ. ಎಲ್ಲರಿಗೂ ಕೊಡಲಾಗದ ಹಕ್ಕು ಹಕ್ಕೋ ವಿನಾಯಿತಿಯೋ ಎಂಬುದೇ ಇಲ್ಲಿಯ ಮರ್ಮ.

ಸಮಾನ ಅಧಿಕಾರವಿದ್ದರೆ ಕಲಹವಿರುವುದಿಲ್ಲವೆಂದೂ ತಿಳಿಯಬಾರದು. ಆಸ್ತಿ ತೆರಿಗೆಯನ್ನು ಕಡಿಮೆ ಮಾಡುವ ಹಕ್ಕು ಹದಿನೈದು ಸಮುದಾಯಗಳಿಗೂ ಉಂಟು. ಅದನ್ನು ಉಪಯೋಗಿಸಿ ಮ್ಯಾಡ್ರಿಡ್ ಸಮುದಾಯ ಆ ತೆರಿಗೆಯನ್ನು ಪೂರ್ತಿ ಬಿಟ್ಟುಕೊಟ್ಟಿತು. ೨೦೨೨ರಲ್ಲಿ ಆಂದಲೂಸಿಯವೂ ಅದೇ ದಾರಿ ಹಿಡಿಯಿತು. ಕೇಂದ್ರವು ಅದೇ ವರ್ಷದ ಕೊನೆಗೆ ದೊಡ್ಡ ಆಸ್ತಿಗಳ ಮೇಲೆ ತಾನೇ ಒಂದು ತೆರಿಗೆ ಹಾಕಿ ಉತ್ತರ ಕೊಟ್ಟಿತು. ೨೦೨೩ರಲ್ಲಿ ಸಂವಿಧಾನ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು.

ನಮ್ಮ ದೇಶದ ಕಡೆಗೆ ಒಂದು ನೋಟ

ಹಳೆಯ ಹಕ್ಕುಗಳುಳ್ಳ ಸೀಮೆಗಳನ್ನು ಒಂದು ಹೊಸ ರಾಜ್ಯದಲ್ಲಿ ಕೂಡಿಸಿಕೊಳ್ಳುವ ಪ್ರಶ್ನೆ ಭಾರತಕ್ಕೂ ಬಂದಿತ್ತು. ಮೈಸೂರು ಸಂಸ್ಥಾನವು ತನ್ನದೇ ಆದಾಯ ತೆರಿಗೆಯನ್ನು ವಸೂಲು ಮಾಡುತ್ತಿತ್ತು. ವಿ. ಟಿ. ಕೃಷ್ಣಮಾಚಾರಿಯವರ ಅಧ್ಯಕ್ಷತೆಯ ಸಮಿತಿಯ ಸಲಹೆಯಂತೆ ೧೯೫೦ರ ಏಪ್ರಿಲ್ ೧ರಿಂದ ಸಂಸ್ಥಾನಗಳ ಇಂಥ ತೆರಿಗೆಗಳು ಕೇಂದ್ರಕ್ಕೆ ಸೇರಿದವು. ಆದ ನಷ್ಟಕ್ಕೆ ಮೈಸೂರು ಮೊದಲಾದ ರಾಜ್ಯಗಳಿಗೆ ಕೆಲವು ವರ್ಷಗಳ ಕಾಲ ಕೇಂದ್ರದಿಂದ ಹಣ ದೊರೆಯಿತು. ಸ್ಪೇನ್ ಚಾರಿತ್ರಿಕ ಹಕ್ಕನ್ನು ಉಳಿಸಿಕೊಂಡಿತು. ಭಾರತ ಅದಕ್ಕೆ ಪರಿಹಾರ ಕೊಟ್ಟು ಮುಗಿಸಿತು. ಇಂದು ಏಳನೆಯ ಅನುಸೂಚಿಯ ರಾಜ್ಯಪಟ್ಟಿಯಲ್ಲಿರುವ ತೆರಿಗೆಗಳು ದೊಡ್ಡ ರಾಜ್ಯಕ್ಕೂ ಸಣ್ಣ ರಾಜ್ಯಕ್ಕೂ ಒಂದೇ.

ಆದುದರಿಂದ ನಮ್ಮಲ್ಲಿ ವಿವಾದವಿರುವುದು ಅಧಿಕಾರದ ಬಗ್ಗೆ ಅಲ್ಲ, ಪಾಲಿನ ಬಗ್ಗೆ. ಕೇಂದ್ರದ ತೆರಿಗೆಗಳಲ್ಲಿ ರಾಜ್ಯಗಳಿಗೆ ಹಂಚುವ ಭಾಗದಲ್ಲಿ ಕರ್ನಾಟಕದ ಅಂಶವು ೧೪ನೆಯ ಹಣಕಾಸು ಆಯೋಗದ ಕಾಲದಲ್ಲಿ ಶೇಕಡಾ ೪.೭೧೩ ಇದ್ದುದು ೧೫ನೆಯ ಆಯೋಗದ ೨೦೨೧-೨೬ರ ಅವಧಿಗೆ ಶೇಕಡಾ ೩.೬೪೭ಕ್ಕೆ ಇಳಿಯಿತು. ೨೦೨೪ರ ಫೆಬ್ರವರಿಯಲ್ಲಿ ರಾಜ್ಯದ ಮಂತ್ರಿಮಂಡಲ ದೆಹಲಿಯಲ್ಲಿ ಪ್ರತಿಭಟನೆ ನಡೆಸಿತು. ಕತಲೂನ್ಯದವರ ದೂರನ್ನು ಓದುವ ಕನ್ನಡಿಗನಿಗೆ ಅದು ತನ್ನ ದೂರಿನಂತೆಯೇ ಕೇಳಿಸುವುದು ಸಹಜ. ಆದರೆ ಒಂದು ಎಚ್ಚರಿಕೆ ಬೇಕು. 'ನಮ್ಮ ಹಣ ನಮಗೆ' ಎಂಬ ಮಾತು ರಾಜ್ಯದ ಗಡಿಗೆ ಬಂದು ನಿಲ್ಲಬೇಕೆಂಬ ನಿಯಮವೇನೂ ಇಲ್ಲ. ಬೆಂಗಳೂರು ಅದೇ ಮಾತನ್ನು ರಾಯಚೂರಿಗೆ ಹೇಳಬಹುದು. ಹಾಗೆ ಹೇಳಬಾರದೆಂದೇ ೨೦೧೨ರ ೯೮ನೆಯ ತಿದ್ದುಪಡಿಯಿಂದ ೩೭೧ಜೆ ವಿಧಿಯನ್ನು ತಂದು ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ವಿಶೇಷ ಏರ್ಪಾಡು ಮಾಡಿದ್ದೇವೆ. ಹೊರಗೆ ನ್ಯಾಯ ಕೇಳುವವರು ಒಳಗೆ ಅದನ್ನು ಮರೆಯಬಾರದು.

ಉಪಸಂಹಾರ

ಮೇಲ್ಕಂಡ ವಿಚಾರಗಳನ್ನೆಲ್ಲ ತೂಗಿ ನೋಡಿದಾಗ ನನಗೆ ತೋರುವುದಿಷ್ಟು. ತೆರಿಗೆ ವಿಧಿಸುವ, ವಸೂಲು ಮಾಡುವ ಅಧಿಕಾರ ಬೇರೆ. ದೇಶದ ಸಾಮಾನ್ಯ ನಿಧಿಗೆ ಕೊಡಬೇಕಾದ ಋಣ ಬೇರೆ. ಇವೆರಡನ್ನೂ ಒಂದೇ ಎಂದು ಭಾವಿಸುವುದರಿಂದಲೇ ವಾದವು ಬಿಸಿಯೇರುತ್ತದೆ. ಅವಿಭಕ್ತ ಕುಟುಂಬದಲ್ಲಿ ಒಬ್ಬ ಮಗ ತನ್ನ ಗಳಿಕೆಯನ್ನು ತಾನೇ ಇಟ್ಟುಕೊಳ್ಳುತ್ತಾನೆಂಬುದಷ್ಟೇ ಉಳಿದವರ ದೂರಿಗೆ ಕಾರಣವಾಗಬೇಕಾಗಿಲ್ಲ. ಮನೆಯ ಖರ್ಚಿಗೆ, ಚಿಕ್ಕ ತಮ್ಮನ ಓದಿಗೆ ಅವನು ತನ್ನ ಶಕ್ತಿಗೆ ತಕ್ಕಷ್ಟು ಕೊಡುತ್ತಾನೆಯೇ ಎಂಬುದೇ ಪ್ರಶ್ನೆ. ಬಾಸ್ಕರಿಗೆ ಚರಿತ್ರೆಯಿಂದ ಬಂದ ಅಧಿಕಾರವನ್ನು ಕಿತ್ತುಕೊಳ್ಳುವುದರಿಂದ ಹಳೆಯ ಗಾಯ ಮತ್ತೆ ಬಿರಿದೀತೇ ಹೊರತು ಎಕ್ಸ್ತ್ರೆಮದೂರದ ಹಳ್ಳಿಗೆ ತಾನಾಗಿ ಶಾಲೆ ಬರುವುದಿಲ್ಲ. ಅಧಿಕಾರ ಅಲ್ಲಿಯೇ ಇದ್ದು, ಕುಪೊ ಲೆಕ್ಕವು ಎಲ್ಲರ ಕಣ್ಣಿಗೆ ಕಾಣುವಂತೆ ನಡೆದು, ಅದರಲ್ಲಿ ಸೈನ್ಯ ಮತ್ತು ಸಾಲಗಳ ಜೊತೆಗೆ ಬಡ ಸಮುದಾಯಗಳ ಶಿಕ್ಷಣ ಆರೋಗ್ಯಗಳ ಅಂಶವೂ ಸೇರಿದರೆ, ಅಸಮತೆಯಿದ್ದೂ ಅನ್ಯಾಯವಿಲ್ಲದಂತೆ ಮಾಡಬಹುದು. ಆಗ ಕತಲೂನ್ಯದವರಿಗೆ ಕೊಡುವ ಉತ್ತರವೂ ಸುಲಭವಾಗುತ್ತದೆ: ಅಧಿಕಾರ ಬೇಕೆಂದರೆ ಪಡೆಯಿರಿ, ಋಣವನ್ನು ಮಾತ್ರ ತಪ್ಪಿಸುವಂತಿಲ್ಲ.

ತಲಾ ವೆಚ್ಚದ ಅಂಕಿಗಳು ಪುಸ್ತಕದಲ್ಲಿ ಒಣ ಅಂಕಿಗಳಾಗಿ ಕಾಣುತ್ತವೆ. ಮನೆಯವರಲ್ಲಿ ಮೊದಲಿಗನಾಗಿ ಕಾಲೇಜಿಗೆ ಬಂದು, ಸರ್ಕಾರದ ಕಟ್ಟಡದಲ್ಲಿ ಕುಳಿತು, ಸರ್ಕಾರದ ವಿದ್ಯಾರ್ಥಿವೇತನದಿಂದ ಓದುತ್ತಿರುವ ನನ್ನಂಥವನಿಗೆ ಅವು ಹಾಗೆ ಕಾಣುವುದಿಲ್ಲ. ಯಾರೋ ಎಲ್ಲಿಯೋ ಕಟ್ಟಿದ ತೆರಿಗೆ ಒಂದು ಸಾಮಾನ್ಯ ಬೊಕ್ಕಸಕ್ಕೆ ಬಂದು, ಅಲ್ಲಿಂದ ಹೊರಟು, ಇಂಥ ಒಂದು ಕಾಲೇಜಿನ ಬಾಗಿಲು ತೆರೆದಿಟ್ಟಿದೆ. ಸ್ವಾಯತ್ತತೆ ದೊಡ್ಡದು, ಅದು ಇಲ್ಲದ ಕಡೆ ಜನರ ಮಾನ ಉಳಿಯುವುದಿಲ್ಲ. ಆದರೆ ಆ ಬಾಗಿಲು ತೆರೆದಿರುವಂತ ನೋಡಿಕೊಳ್ಳುವುದೂ ಅಷ್ಟೇ ದೊಡ್ಡದು. ಎರಡನ್ನೂ ಒಂದೇ ಕಾನೂನಿನಲ್ಲಿ ಹಿಡಿದಿಡುವ ದಾರಿಯನ್ನು ಸ್ಪೇನ್ ಅರಸುತ್ತಿದೆ. ಆ ಅರಸುವಿಕೆಯನ್ನು ಗಮನವಿಟ್ಟು ನೋಡುವುದು ನಮ್ಮ ದೇಶದ ವಿದ್ಯಾರ್ಥಿಗಳಿಗೂ ಲಾಭದಾಯಕವೆಂದು ನಂಬಿದ್ದೇನೆ.